ಕಛೇರಿ ಕೇಳಿ ಬೆಳೆದ ಕಿವಿಗೆ ಜಾಝ್: ಒಂದೇ ಒಂದು ರೆಕಾರ್ಡಿಂಗ್ ಹೇಳಿ, ಪಟ್ಟಿ ಬೇಡ

ಮೂಲೆಮನೆ
ಎಲ್ಲರಿಗೂ ನಮಸ್ಕಾರ. ನಾನು ಕರ್ನಾಟಕ ಸಂಗೀತ ಕೇಳುವವನು, ಹಾಡುವವನಲ್ಲ. ರಾಮನವಮಿ ಪೆಂಡಾಲು, ಆಕಾಶವಾಣಿ, ಕ್ಯಾಸೆಟ್ಟು, ಹೀಗೇ ಬೆಳೆದ ಕಿವಿ. ಈಚೆಗೆ ಜಾಝ್ ಹಿಡಿದುಕೊಂಡಿದ್ದೇನೆ. ಯಾರನ್ನು ಕೇಳಿದರೂ ಮೊದಲು ಟ್ರಂಪೆಟ್ ನುಡಿಸೋ ಮೈಲ್ಸ್ ಡೇವಿಸ್‌ನ 1959ರ ಆಲ್ಬಮ್ 'ಕೈಂಡ್ ಆಫ್ ಬ್ಲೂ' ಅಂತಾರೆ. ಕೇಳಿದೆ. ಹಿತವಾಗಿದೆ, ಬೇಜಾರಿಲ್ಲ. ಆದರೆ ಒಳಗೆ ಏನು ನಡೀತಿದೆ ಅಂತ ಸುತರಾಂ ತಿಳಿಯಲ್ಲ. ಆಲಾಪನೆ ಆದರೆ ಗಾಯಕ ಈಗ ಎಲ್ಲಿದ್ದಾನೆ, ಎಲ್ಲಿಗೆ ಹೊರಟಿದ್ದಾನೆ ಅಂತ ಒಂದು ಅಂದಾಜಿರುತ್ತೆ. ಇಲ್ಲಿ ದಿಕ್ಕೇ ಸಿಗಲ್ಲ.

ನಿಮಗೆ ಜಾಝ್ ರುಚಿ ಹತ್ತಿಸಿದ ರೆಕಾರ್ಡಿಂಗ್ ಯಾವುದು? ಒಂದೇ ಹೇಳಿ, ಯಾಕೆ ಅಂತಲೂ ಹೇಳಿ. 'ಕೇಳಲೇಬೇಕಾದ ನೂರು' ತರಹದ ಪಟ್ಟಿ ದಯವಿಟ್ಟು ಬೇಡ.

ಸುಮ್ನೆಬಂದೆ
ಒಂದೇ ಅಂದ್ರೆ ಇಲ್ಲಿ ಯಾರೂ ಕೇಳಲ್ಲ ಸಾರ್. ನೋಡ್ತಾ ಇರಿ.

ಪ್ಲೇಟುರಾಯ
ನೀವು 1959ರಿಂದ ಶುರು ಮಾಡಿದ್ದೇ ತಪ್ಪು. 1928ಕ್ಕೆ ಹೋಗಿ. ಲೂಯಿ ಆರ್ಮ್‌ಸ್ಟ್ರಾಂಗ್, 'ವೆಸ್ಟ್ ಎಂಡ್ ಬ್ಲೂಸ್', ಜೂನ್ 28, ಷಿಕಾಗೋ. ಮೂರು ನಿಮಿಷ ಚಿಲ್ಲರೆ ಅಷ್ಟೇ. ಶುರುವಿನಲ್ಲಿ ಯಾರ ಜೊತೆಯೂ ಇಲ್ಲದೆ ಒಂಟಿ ಟ್ರಂಪೆಟ್ ಮೇಲೇರಿ ಇಳಿಯುತ್ತಲ್ಲ, ಅಷ್ಟು ಸಾಕು. ಆಮೇಲೆ ಕ್ಲಾರಿನೆಟ್ ಒಂದು ಮಾತು ಆಡುತ್ತೆ, ಆರ್ಮ್‌ಸ್ಟ್ರಾಂಗ್ ಪದವೇ ಇಲ್ಲದೆ ಬಾಯಲ್ಲಿ ಉತ್ತರ ಕೊಡ್ತಾರೆ. ಅರ್ಲ್ ಹೈನ್ಸ್ ಪಿಯಾನೋ ಬೇರೆ.

ನಮ್ಮ ಹಳೇ ವಿದ್ವಾಂಸರೂ ಗ್ರಾಮೋಫೋನ್ ಪ್ಲೇಟಿನ ಒಂದು ಮಗ್ಗುಲಲ್ಲಿ ಇಡೀ ರಾಗದ ರೂಪ ತೋರಿಸಿ ಮುಗಿಸುತ್ತಿದ್ದರು. ಆ ಮಿತಿಯಲ್ಲಿ ಪೋಲು ಮಾಡೋಕೆ ಒಂದು ಸ್ವರವೂ ಇರುತ್ತಿರಲಿಲ್ಲ. ಎಲ್‌ಪಿ (ಹೆಚ್ಚು ಹೊತ್ತು ಓಡುವ ಪ್ಲೇಟು) ಬಂದಮೇಲೆ ಎರಡೂ ಕಡೆ ವಾಚಾಳಿತನ ಹೆಚ್ಚಾಯಿತು ಅನ್ನೋದು ನನ್ನ ಅಭಿಪ್ರಾಯ. ಬೈಯೋರು ಬೈಯಿರಿ.

ನಡೆಯುವ_ಬೇಸ್
ಸಾರ್, ಎಲ್‌ಪಿ ಬರದೇ ಇದ್ದಿದ್ದರೆ ಸ್ಯಾಕ್ಸೋಫೋನಿನ ಜಾನ್ ಕೋಲ್ಟ್ರೇನ್ ಮೂರು ನಿಮಿಷದಲ್ಲಿ ಏನು ಮಾಡಬೇಕಿತ್ತು? ಗಂಟಲು ಸರಿಮಾಡಿಕೊಳ್ಳೋಕೂ ಸಾಲಲ್ಲ 😀

ಸಂಕೀರ್ಣನಡೆ
ಮೂಲೆಮನೆ ಸಾರ್, 'ಕೈಂಡ್ ಆಫ್ ಬ್ಲೂ' ಬಿಡಬೇಡಿ. ನಿಮ್ಮ ಕಿವಿಗೆ ಅದರಷ್ಟು ಸುಲಭವಾದದ್ದು ಇನ್ನೊಂದಿಲ್ಲ. ನಾನು ಮೃದಂಗ ಕಲಿಯುವವಳು, ನನ್ನ ದಾರಿ ಹೇಳ್ತೀನಿ.

ಮೊದಲನೇ ಟ್ರ್ಯಾಕ್ 'ಸೋ ವಾಟ್' ಹಾಕಿ. ಶುರುವಿನ ಮಬ್ಬು ಮಬ್ಬು ಪೀಠಿಕೆ ಮುಗಿದು ಬೇಸ್ (ದಪ್ಪ ದನಿಯ ದೊಡ್ಡ ತಂತಿವಾದ್ಯ) ಪಲ್ಲವಿ ಎತ್ತಿಕೊಳ್ಳುತ್ತೆ, ಉಳಿದವರು ಎರಡೇ ಏಟಿನಲ್ಲಿ ಉತ್ತರ ಕೊಡ್ತಾರೆ. ಅಲ್ಲಿಂದ ಎಂಟೆಣಿಕೆಯ ಆದಿತಾಳ ಹಾಕಿ, ಒಂದು ಬೀಟ್‌ಗೆ ಒಂದು ಎಣಿಕೆ. ಎಂಟು ಆವರ್ತ ಒಂದು ಶ್ರುತಿ. ಆಮೇಲೆ ನಾಲ್ಕು ಆವರ್ತ ಇಡೀ ಶ್ರುತಿಯೇ ಅರ್ಧ ಸ್ವರ ಮೇಲೆ. ಮತ್ತೆ ನಾಲ್ಕು ಆವರ್ತ ವಾಪಸ್ ಮೊದಲಿನ ಜಾಗ. ಒಟ್ಟು ಹದಿನಾರು. ಇದೇ ಚಕ್ರ ಕೊನೇವರೆಗೂ ತಿರುಗುತ್ತೆ. ಸ್ವರಗಳು ಖರಹರಪ್ರಿಯದವೇ, ಅವರು ಅದನ್ನ ಡೋರಿಯನ್ ಅಂತಾರೆ.

ಆ ನಾಲ್ಕು ಆವರ್ತದ 'ಮೇಲಿನ ಮನೆ' ಬಂದಾಗ ಗುರುತು ಹಿಡಿಯೋಕೆ ಶುರುವಾದರೆ ಸಾಕು. ಮೈಲ್ಸ್ ಹೇಗೆ ಒಳಗೆ ಹೋದರು, ಕೋಲ್ಟ್ರೇನ್ ಹೇಗೆ ನುಗ್ಗಿದರು, ಕ್ಯಾನನ್‌ಬಾಲ್ ಆಡರ್ಲಿ ಹೇಗೆ ನಗುತ್ತಾ ದಾಟಿದರು, ಮೂವರ ಮನೋಧರ್ಮ ಮೂರು ತರ ಅಂತ ತಿಳಿಯುತ್ತೆ.

ಕಾಫಿಠಾಟ್
ಖರಹರಪ್ರಿಯ ಅಂತೀರಿ, ನಾವು ಕಾಫಿ ಅಂತೀವ್ರಿ. ಆದ್ರ ಇದು ರಾಗ ಅಲ್ಲ, ಬರೇ ಠಾಟು, ಅಂದ್ರ ಸ್ವರಗಳ ಸಾಲು. ಚಲನ್ ಇಲ್ಲ, ವಾದಿ-ಸಂವಾದಿ ಇಲ್ಲ, ಗಮಕ ಇಲ್ಲ. ಧಾರವಾಡದಾಗ ಕುಂತು ಮನ್ಸೂರರನ್ನ ಕೇಳಿದ ಕಿವಿಗೆ ಅದನ್ನ ಕಾಫಿ ಅಂತ ಒಪ್ಪಸೂದು ಕಷ್ಟ ಐತಿ.

ಸಂಕೀರ್ಣನಡೆ
ರಾಗ ಅಂತ ನಾನೆಲ್ಲಿ ಹೇಳಿದೆ ಸಾರ್? ಸ್ವರಗಳು ಅಂದೆ. ದಾರಿ ಗುರುತಿಗೆ ಅಷ್ಟು ಸಾಕು ಅಂತ.

ಮಂದ್ರಪಂಚಮ
ಶ್ರುತಿ ಮೇಲೆ ಹೋಗೋದು ಗ್ರಹಭೇದ ಅಲ್ವಾ?

ಸಂಕೀರ್ಣನಡೆ
ಅಲ್ಲ. ಗ್ರಹಭೇದದಲ್ಲಿ ಸ್ವರಗಳು ಅವೇ ಇದ್ದು ಷಡ್ಜ ಬದಲಾದ ಹಾಗೆ ಕೇಳಿಸುತ್ತೆ, ರಾಗ ಬೇರೆ ಆಗುತ್ತೆ. ಇಲ್ಲಿ ಉಲ್ಟಾ. ಸ್ವರಗಳೆಲ್ಲ ಒಟ್ಟಿಗೆ ಅರ್ಧ ಮೆಟ್ಟಿಲು ಜರುಗುತ್ತವೆ, ರಚನೆ ಅದೇ ಉಳಿಯುತ್ತೆ. ನಮ್ಮ ಕಛೇರಿಯಲ್ಲಿ ತಂಬೂರಿ ಇರೋವರೆಗೂ ಇದು ಸಾಧ್ಯವಿಲ್ಲ. ಅದಕ್ಕೇ ನಮಗೆ ಮೊದಲು ದಿಕ್ಕು ತಪ್ಪೋದು.

ಪ್ಲೇಟುರಾಯ
ಶ್ರುತಿ ವಿಷಯ ಬಂದಿದ್ದಕ್ಕೆ ಒಂದು ಕಥೆ. 'ಕೈಂಡ್ ಆಫ್ ಬ್ಲೂ' ರೆಕಾರ್ಡ್ ಆಗಿದ್ದು ಎರಡು ದಿನ: 1959ರ ಮಾರ್ಚ್ 2 ಮತ್ತು ಏಪ್ರಿಲ್ 22, ನ್ಯೂಯಾರ್ಕಿನ 30ನೇ ಬೀದಿಯ ಕೊಲಂಬಿಯಾ ಸ್ಟುಡಿಯೋ. ಮಾರ್ಚಿನ ದಿನ ಒಂದು ಟೇಪ್ ಮೆಷಿನ್ ಸ್ವಲ್ಪ ನಿಧಾನವಾಗಿ ಓಡುತ್ತಿತ್ತು. ಆ ಟೇಪನ್ನ ಸರಿಯಾದ ವೇಗದಲ್ಲಿ ಹಾಕಿದರೆ ಸಂಗೀತ ತುಸು ಚುರುಕು, ಶ್ರುತಿ ತುಸು ಏರು. ಮೊದಲ ಮಗ್ಗುಲಿನ ಮೂರೂ ಟ್ರ್ಯಾಕ್ ಹಾಗೇ ಪ್ಲೇಟಾಗಿ ಹೋಯಿತು. ದಶಕಗಳ ಕಾಲ ಜನ ಅದನ್ನೇ ಕೇಳಿದರು. 1990ರ ದಶಕದ ಮರುಮುದ್ರಣಗಳಲ್ಲಿ, ಸರಿಯಾಗಿ ಓಡಿದ್ದ ಇನ್ನೊಂದು ಟೇಪಿನಿಂದ ಸರಿಪಡಿಸಿದರು. ಹಳೇ ಪ್ರತಿ ಜೊತೆ ವಾದ್ಯ ಇಟ್ಟುಕೊಂಡು ನುಡಿಸೋಕೆ ಹೋದವರಿಗೆ ಶ್ರುತಿ ಕೂಡುತ್ತಿರಲಿಲ್ಲ.

ನನ್ನ ಹತ್ತಿರ ಇರೋದು ಹಳೇದೇ. ಸರಿಪಡಿಸಿದ್ದು ಕೇಳಿದರೆ ಮೈಲ್ಸ್‌ಗೆ ನಿದ್ದೆ ಬಂದ ಹಾಗೆ ಅನಿಸುತ್ತೆ ನನಗೆ.

ಸುಮ್ನೆಬಂದೆ
ತಪ್ಪು ಶ್ರುತಿಗೆ ಅಭಿಮಾನಿ ಸಂಘ ಬೇರೆ. ವಾಹ್.

ಕರಾವಳಿ_ಕಿವಿ
ಎಂತ ಮಾರಾಯ್ರೆ, ಇಷ್ಟು ಹೊತ್ತಾದ್ರೂ ಕದ್ರಿ ಗೋಪಾಲನಾಥರ ಹೆಸರು ಬರಲಿಲ್ಲ! ಕನ್ನಡದವರಿಗೆ ಸ್ಯಾಕ್ಸೋಫೋನ್ ಅಂದ್ರೆ ಮೊದಲು ಅವರೇ ಅಲ್ವಾ. 'ಕಿನ್ಸ್‌ಮೆನ್', 2008, ಪೈ ರೆಕಾರ್ಡಿಂಗ್ಸ್. ರುದ್ರೇಶ್ ಮಹಂತಪ್ಪ ಮತ್ತು ಕದ್ರಿಯವರು, ಇಬ್ಬರದ್ದೂ ಆಲ್ಟೋ ಸ್ಯಾಕ್ಸೋಫೋನ್. ಜೊತೆಗೆ ಕನ್ಯಾಕುಮಾರಿಯವರ ಪಿಟೀಲು, ಪೂವಲೂರ್ ಶ್ರೀಜಿಯವರ ಮೃದಂಗ, ರೆಜ್ ಅಬ್ಬಾಸಿಯ ಗಿಟಾರ್, ಆಚೆ ಕಡೆ ಡ್ರಮ್ಸೂ ಉಂಟು.

ಕಥೆ ಇನ್ನೂ ಚಂದ ಉಂಟು. ರುದ್ರೇಶ್ ಅಮೆರಿಕದ ಕೊಲರಾಡೋದಲ್ಲಿ ಬೆಳೆದವರು, ಜಾಝ್ ಕಲಿತವರು. ಅವರ ಅಣ್ಣ ತಮಾಷೆಗೆ ಅಂತ 'ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್' ಅನ್ನುವ ಕದ್ರಿಯವರ ಸಿಡಿ ತಂದುಕೊಟ್ಟದ್ದು. ತಮಾಷೆ ಅಲ್ಲಿಗೇ ನಿಂತಿತು, ವರ್ಷಗಳು ಕಳೆದ ಮೇಲೆ ಇಬ್ಬರೂ ಒಂದೇ ವೇದಿಕೆಯಲ್ಲಿ!

ನಡೆಯುವ_ಬೇಸ್
ಕದ್ರಿಯವರ ಬಗ್ಗೆ ಪೂರ್ತಿ ಗೌರವ ಇಟ್ಟುಕೊಂಡೇ ಹೇಳ್ತೀನಿ: ಅದು ಜಾಝ್ ಅಲ್ಲ. ಸ್ಯಾಕ್ಸ್ ಹಿಡಿದ ತಕ್ಷಣ ಜಾಝ್ ಆಗಲ್ಲ.

ಕರಾವಳಿ_ಕಿವಿ
ಜಾಝ್ ಅಂತ ಯಾರು ಹೇಳಿದ್ದು ನಿಮಗೆ? ಅವರು ನಾಗಸ್ವರದ ಮನೆತನದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸ್ಸು ಸೋತವರು. ಕೀಲಿ ಒತ್ತಿ ಸ್ವರ ಕೂಗಿಸುವ ವಾದ್ಯದಲ್ಲಿ ತೋಡಿಯ ಗಮಕ ತೆಗೆದದ್ದು ಚಿಲ್ಲರೆ ಕೆಲಸವಾ? ನಾನು ಹೇಳಿದ್ದು 'ಕಿನ್ಸ್‌ಮೆನ್' ಬಗ್ಗೆ. ಕಛೇರಿಯ ಕಿವಿ ಮೊದಲು ಕದ್ರಿಯವರ ಕೈ ಹಿಡಿದು ಒಳಗೆ ಹೋಗ್ತದೆ, ಅವರು ನಿಲ್ಲಿಸಿದ ಕಡೆ ರುದ್ರೇಶ್ ಎತ್ತಿಕೊಳ್ತಾರೆ. ಒಂದೇ ವಾದ್ಯ, ಎರಡು ನಾಲಿಗೆ. ಇದಕ್ಕಿಂತ ಒಳ್ಳೆ ಬಾಗಿಲು ಯಾವುದು, ಹೇಳಿ ನೋಡುವ.

ಜರ್ಸಿವಾಸಿ
ರುದ್ರೇಶ್ ಮಹಂತಪ್ಪ ಅಂದಮೇಲೆ 2004ರ 'ಮದರ್ ಟಂಗ್' ಕೂಡ ಕೇಳಿ. ಅದರಲ್ಲಿ 'ಕನ್ನಡ' ಅಂತಲೇ ಒಂದು ಟ್ರ್ಯಾಕ್ ಇದೆ, ಕೊಂಕಣಿ, ತೆಲುಗು, ತಮಿಳು, ಗುಜರಾತಿಗೂ ಒಂದೊಂದು. ಬೇರೆ ಬೇರೆ ಭಾಷೆಯವರು ಮಾತಾಡಿದ್ದನ್ನ ಧ್ವನಿಮುದ್ರಿಸಿ, ಆ ಮಾತಿನ ಏರಿಳಿತವನ್ನೇ ರಾಗವಾಗಿ ಬರೆದುಕೊಂಡಿದ್ದಾರೆ. ನನ್ನ ಮಗಳು ಕೇಳಿ, 'ಅಜ್ಜಿ ಫೋನಲ್ಲಿ ಜಗಳ ಆಡ್ತಿರೋ ಹಾಗಿದೆ' ಅಂದಳು. ವಿಮರ್ಶೆ ಅಂದರೆ ಅದು!

ಕಾಫಿಠಾಟ್
ಕದ್ರಿಯವರ ಕಥಿ ಒಂದು ಮಗ್ಗಲಾ ಬಿಟ್ರಿ. 1980ರ ಮುಂಬಯಿ ಜಾಝ್ ಹಬ್ಬದಾಗ ಅವರು ಜಾನ್ ಹ್ಯಾಂಡಿ ಜೋಡಿ ನುಡಿಸಿದ್ರು. ಈ ಹ್ಯಾಂಡಿ ಯಾರಂದ್ರ 1959ರ 'ಮಿಂಗಸ್ ಆ ಅಮ್'ನಾಗ ಬೇಸ್ ನುಡಿಸೂ ತಂಡದ ಯಜಮಾನ ಚಾರ್ಲ್ಸ್ ಮಿಂಗಸ್ ಜೋಡಿ ಇದ್ದಾವ. 1975ಕ್ಕ ಅಲಿ ಅಕ್ಬರ್ ಖಾನರ ಜೋಡಿ 'ಕರುಣಾ ಸುಪ್ರೀಮ್' ಮಾಡ್ಯಾನ. ಈಗ ಇನ್ನೊಬ್ಬನ್ನ ನೋಡ್ರಿ: ಚಾರ್ಲಿ ಮಾರಿಯಾನೋ. ಅವನೂ ಮಿಂಗಸ್‌ನ 1963ರ 'ಬ್ಲ್ಯಾಕ್ ಸೇಂಟ್'ನಾಗ ಆಲ್ಟೋ ನುಡಿಸಿದಾವ. ಮುಂದ ನಾಗಸ್ವರ ಕಲಿತ. 1983ಕ್ಕ ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೋಡಿ 'ಜ್ಯೋತಿ' ಅನ್ನೂ ರೆಕಾರ್ಡ್ ಮಾಡಿದ, ಇಸಿಎಂ ಕಂಪನಿಗೆ. ಆರ್.ಎ. ರಮಾಮಣಿಯವರ ಹಾಡು, ಟಿ.ಎ.ಎಸ್. ಮಣಿಯವರ ಮೃದಂಗ, ರಾಜಗೋಪಾಲರ ಘಟಂ, ಶಶಿಕುಮಾರರ ಖಂಜಿರ.

ಮಿಂಗಸ್‌ನ ಗರಡಿಯಾಗ ಪಳಗಿದ ಇಬ್ಬರು ಆಲ್ಟೋದವರು, ಇಬ್ಬರೂ ನಮ್ಮ ಕಡೆಗೇ ಬಂದ್ರು. ನನ್ನ ಒಂದು ರೆಕಾರ್ಡಿಂಗ್ 'ಜ್ಯೋತಿ'. ಬಡಬಡ ಗದ್ದಲ ಇಲ್ಲ, 'ಫ್ಯೂಜನ್' ಅಂತ ಮೈಮ್ಯಾಲೆ ಬೀಳೂದಿಲ್ಲ. ರಮಾಮಣಿಯವರು ಹಾಡೂಮುಂದ ಮಾರಿಯಾನೋ ಎಲ್ಲಿ ಸುಮ್ಮನಾಗ್ತಾನ, ಅದನ್ನ ಕೇಳ್ರಿ.

ಪ್ಲೇಟುರಾಯ
'ಜ್ಯೋತಿ' ಎಲ್‌ಪಿ ಯಾರ ಹತ್ತಿರವಾದರೂ ಇದ್ದರೆ ಹೇಳಿ. ಕೊಳ್ಳೋಕಲ್ಲ, ನೋಡೋಕೆ. ಆಮೇಲೆ ಕೊಳ್ಳೋದರ ಬಗ್ಗೆ ಮಾತಾಡೋಣ.

ನಡೆಯುವ_ಬೇಸ್
ಸರಿ, ಎಲ್ಲರೂ ಸೇರಿ ಮೂಲೆಮನೆ ಅವರನ್ನ ವಾಪಸ್ ಕಛೇರಿಗೇ ಕರೆದುಕೊಂಡು ಹೋಗ್ತಿದ್ದೀರಿ. ಮೃದಂಗ ಇರೋ ಜಾಝ್, ತಂಬೂರಿ ಇರೋ ಜಾಝ್, ಖರಹರಪ್ರಿಯ ಇರೋ ಜಾಝ್. ನಮ್ಮದನ್ನ ಅವರಲ್ಲಿ ಹುಡುಕಿ ಖುಷಿಪಡೋದು ಎಷ್ಟು ದಿನ? ಅವರ ಹತ್ತಿರ ಇರೋ, ನಮ್ಮಲ್ಲಿ ಇಲ್ಲದೇ ಇರೋ ವಿಷಯ ಹಾರ್ಮನಿ. ಕಾರ್ಡ್‌ಗಳು (ಒಟ್ಟಿಗೆ ನುಡಿಸೋ ಸ್ವರಗಳ ಗೊಂಚಲು) ಬದಲಾಗ್ತಾ ಹೋದ ಹಾಗೆ ಒಂದೇ ಸ್ವರದ ಅರ್ಥ ಬದಲಾಗುತ್ತೆ. ಅದು ಕಿವಿಗೆ ಬೀಳದೆ ಜಾಝ್ ಕೇಳಿದೆ ಅಂದರೆ ಸಾಹಿತ್ಯ ತಿಳಿಯದೆ ದೇವರನಾಮ ಕೇಳಿದ ಹಾಗೆ.

'ಸೋ ವಾಟ್' ಸುಲಭ ಯಾಕೆ? ಕಾರ್ಡ್ ಬದಲಾವಣೆ ಕಡಿಮೆ ಮಾಡಿದ್ದಾರೆ, ಅದಕ್ಕೆ. ಅದೇ ಕೋಲ್ಟ್ರೇನ್, ಅದೇ 1959, ಮೇ ತಿಂಗಳು, 'ಜೈಂಟ್ ಸ್ಟೆಪ್ಸ್' ಕೇಳಿ. ಒಂದರಿಂದೊಂದು ದೂರ ಇರೋ ಮೂರು ಶ್ರುತಿಗಳ ನಡುವೆ ಓಟ, ಹೆಚ್ಚಿನ ಕಡೆ ಎರಡೆರಡು ಬೀಟ್‌ಗೆ ಕಾರ್ಡ್ ಬದಲು. ಪಿಯಾನೋದ ಟಾಮಿ ಫ್ಲಾನಗನ್ ಸಣ್ಣ ಆಸಾಮಿ ಅಲ್ಲ, ಆದರೂ ತಮ್ಮ ಸರದಿ ಬಂದಾಗ ತಡವರಿಸೋದು ರೆಕಾರ್ಡಿನಲ್ಲೇ ಕೇಳಿಸುತ್ತೆ. ಅಲ್ಲಿ ಖರಹರಪ್ರಿಯ ಯಾರನ್ನೂ ಕಾಪಾಡಲ್ಲ.

ಮೂಲೆಮನೆ
ಸ್ವಾಮೀ, ಹಾರ್ಮನಿ ಕೇಳಿ ಅಂದರೆ ಹೇಗೆ ಕೇಳೋದು? ಎಲ್ಲಿ ಕಿವಿ ಇಡಬೇಕು? ಅದನ್ನ ಯಾರೂ ಹೇಳಲ್ಲ.

ನಡೆಯುವ_ಬೇಸ್
ಬೇಸ್ ಮೇಲೆ. ಸ್ವಂತ ವಾದ್ಯದ ಜಾಹೀರಾತು ಅಂದುಕೊಳ್ಳಬೇಡಿ. ಮೇಲೆ ಸೊಲೊ ನುಡಿಸೋರನ್ನ ಒಂದು ಸಲ ಪೂರ್ತಿ ಮರೆತು ಬೇಸ್ ಒಂದನ್ನೇ ಹಿಂಬಾಲಿಸಿ. ಅದು ಹೆಜ್ಜೆ ಹೆಜ್ಜೆಗೂ 'ಈಗ ನೆಲ ಇಲ್ಲಿದೆ' ಅಂತ ತೋರಿಸುತ್ತಾ ಹೋಗುತ್ತೆ. ನಮ್ಮ ತಂಬೂರಿ ನಿಂತ ನೆಲ, ಇದು ಚಲಿಸೋ ನೆಲ. ಅದು ಕಿವಿಗೆ ಕೂತಮೇಲೆ ಮೇಲಿನವರು ಯಾಕೆ ಹಾಗೆ ತಿರುಗಿದರು ಅಂತ ತಾನಾಗೇ ಗೊತ್ತಾಗುತ್ತೆ.

ಹಾಗಾಗಿ ನನ್ನ ಒಂದು: ಪಿಯಾನೋದ ಬಿಲ್ ಇವಾನ್ಸ್ ಟ್ರಿಯೋ, ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್, 1961ರ ಜೂನ್ 25, ಭಾನುವಾರ. 'ಸಂಡೆ ಅಟ್ ದ ವಿಲೇಜ್ ವ್ಯಾನ್‌ಗಾರ್ಡ್', 'ವಾಲ್ಟ್ಸ್ ಫಾರ್ ಡೆಬಿ' ಎರಡೂ ಅವತ್ತಿನವೇ, ಆದ್ದರಿಂದ ಒಂದೇ ಲೆಕ್ಕ. ಬೇಸಿನ ಸ್ಕಾಟ್ ಲಫಾರೋ ಪಕ್ಕವಾದ್ಯದವನ ಹಾಗೆ ಹಿಂದೆ ಹಿಂದೆ ಬರಲ್ಲ, ಪಿಯಾನೋ ಮಾತಾಡುವಾಗ ನಡುವೆ ಬಾಯಿ ಹಾಕ್ತಾನೆ. ಪಾಲ್ ಮೋಷಿಯನ್ ಡ್ರಮ್ಸಿನಲ್ಲಿ ಪಿಸುಗುಡ್ತಾನೆ. ಹನ್ನೊಂದು ದಿನ ಆದಮೇಲೆ ಲಫಾರೋ ಕಾರು ಅಪಘಾತದಲ್ಲಿ ತೀರಿಕೊಂಡ, ಇಪ್ಪತ್ತೈದು ವಯಸ್ಸು.

ಮಂದ್ರಪಂಚಮ
ಆ ರೆಕಾರ್ಡಿಂಗಿನಲ್ಲಿ ಜನ ಮಾತಾಡೋದು, ಗ್ಲಾಸು ತಟ್ಟೆ ಸದ್ದು ಎಲ್ಲಾ ಕೇಳಿಸುತ್ತೆ. ಅಂಥ ವಾದನ ನಡೀತಿದ್ದರೆ ಇವರದು ಊಟ ಹರಟೆ!

ಸಂಕೀರ್ಣನಡೆ
ನಮ್ಮಲ್ಲಿ ತನಿ ಆವರ್ತನ (ಮೃದಂಗದ ಸರದಿ) ಶುರುವಾದ ತಕ್ಷಣ ಕ್ಯಾಂಟೀನಿಗೆ ಏಳ್ತಾರಲ್ಲ, ಅವರಿಗಿಂತ ವಾಸಿ. ಅವರು ಕೂತಲ್ಲೇ ತಿಂದರು.

ಸುಮ್ನೆಬಂದೆ
ತನಿ ಟೈಮಲ್ಲಿ ಕ್ಯೂ ಚಿಕ್ಕದಿರುತ್ತೆ ಮೇಡಂ, ತಪ್ಪು ತಿಳೀಬೇಡಿ.

ಜರ್ಸಿವಾಸಿ
ನಾನಿರೋ ಕಡೆಯಿಂದ ಎಂಗಲ್‌ವುಡ್ ಕ್ಲಿಫ್ಸ್ ದೂರವೇನಿಲ್ಲ. ರೂಡಿ ವ್ಯಾನ್ ಗೆಲ್ಡರ್ ಅವರ ಸ್ಟುಡಿಯೋ ಅಲ್ಲಿ. ರೆಕಾರ್ಡಿಂಗ್ ಎಂಜಿನಿಯರ್ ಅವರು, ಕಸುಬಿನಲ್ಲಿ ಕನ್ನಡಕ ಅಳತೆ ನೋಡುವ ಆಪ್ಟೋಮೆಟ್ರಿಸ್ಟ್ ಆಗಿದ್ದರು. ಮೊದಲು ಹ್ಯಾಕೆನ್‌ಸ್ಯಾಕ್‌ನಲ್ಲಿ ಅಪ್ಪ ಅಮ್ಮನ ಮನೆಯ ಹಜಾರದಲ್ಲೇ ರೆಕಾರ್ಡ್ ಮಾಡುತ್ತಿದ್ದರು, 1959ರಲ್ಲಿ ಇಲ್ಲಿ ಸ್ವಂತ ಸ್ಟುಡಿಯೋ ಕಟ್ಟಿದರು.

1964ರ ಡಿಸೆಂಬರ್ 9ರಂದು ಅಲ್ಲೇ ಕೋಲ್ಟ್ರೇನ್ 'ಎ ಲವ್ ಸುಪ್ರೀಮ್' ಮುಗಿಸಿದ್ದು. ಮೂಲೆಮನೆ ಅವರೇ, ಇದರ ನಾಲ್ಕನೇ ಭಾಗ 'ಸಾಮ್' (ಅಂದರೆ ದೇವರ ಕೀರ್ತನೆ) ನಿಮಗಾಗಿ. ಕೋಲ್ಟ್ರೇನ್ ದೇವರ ಮೇಲೆ ಒಂದು ಪದ್ಯ ಬರೆದಿದ್ದರು, ಆಲ್ಬಮ್ಮಿನ ಕವರಿನಲ್ಲೇ ಅಚ್ಚಾಗಿದೆ. ಆ ಪದ್ಯದ ಒಂದೊಂದು ಅಕ್ಷರವನ್ನೂ ಸ್ಯಾಕ್ಸಿನಲ್ಲಿ ನುಡಿಸುತ್ತಾ ಹೋಗ್ತಾರೆ. ಕವರು ಕೈಯಲ್ಲಿ ಹಿಡಿದು ಓದುತ್ತಾ ಕೇಳಿ, ಸಾಲು ಸಾಲು ಕೂಡಿಕೊಳ್ಳುತ್ತೆ. ನಮ್ಮ ವೀಣೆಯವರು, ಪಿಟೀಲಿನವರು ಸಾಹಿತ್ಯ ಮನಸ್ಸಿನಲ್ಲಿ ಇಟ್ಟುಕೊಂಡೇ ಕೃತಿ ನುಡಿಸಬೇಕು ಅಂತ ಗುರುಗಳು ಹೇಳ್ತಾರಲ್ಲ. ಇಲ್ಲಿ ಹಾರ್ಮನಿ ಗೊತ್ತಿಲ್ಲದಿದ್ದರೂ ನಡೆಯುತ್ತೆ, ಬೇಸ್ ಸಾಹೇಬರು ಕ್ಷಮಿಸಲಿ.

ನಡೆಯುವ_ಬೇಸ್
ಜಿಮ್ಮಿ ಗ್ಯಾರಿಸನ್ ಬೇಸ್ ನಾಲ್ಕು ಸ್ವರದಿಂದಲೇ ಆ ಆಲ್ಬಮ್ ಎದ್ದು ನಿಂತಿರೋದು. ಕ್ಷಮಿಸಲ್ಲ 😀

ಮಂದ್ರಪಂಚಮ
ಕೋಲ್ಟ್ರೇನರ ಹೆಂಡತಿ ಆಲಿಸ್ ಕೋಲ್ಟ್ರೇನ್ ಮರೀಬೇಡಿ. 1971ರ 'ಜರ್ನಿ ಇನ್ ಸಚ್ಚಿದಾನಂದ'. ತಂಬೂರಿ, ಹಾರ್ಪು, ಫರೋವಾ ಸ್ಯಾಂಡರ್ಸ್ ಸ್ಯಾಕ್ಸು. ಸಂಜೆ ದೀಪ ಹಚ್ಚುವ ಹೊತ್ತಿಗೆ ಸರಿಹೋಗುತ್ತೆ.

ಕಾಫಿಠಾಟ್
ತಂಬೂರಿ ಅಲ್ಲಿ ಅಲಂಕಾರಕ್ಕ ಐತ್ರಿ. ಊದಬತ್ತಿ ಹಚ್ಚಿಟ್ಟಂಗ.

ಮಂದ್ರಪಂಚಮ
ಮುಂದೆ ಕ್ಯಾಲಿಫೋರ್ನಿಯಾದಲ್ಲಿ ಆಶ್ರಮ ಕಟ್ಟಿ ಭಜನೆ ಹಾಡಿಸಿದ ಹೆಂಗಸಿಗೆ ಅಲಂಕಾರ ಅಂತೀರಲ್ಲ. ಗಂಡಸರು ಮಾಡಿದರೆ ಪ್ರಯೋಗ, ಹೆಂಗಸರು ಮಾಡಿದರೆ ಊದಬತ್ತಿ.

ನೀಲಿಸ್ವರ
ಇಷ್ಟೂ ಓದಿದೆ. ರಾಗ, ತಾಳ, ಹಾರ್ಮನಿ, ಶ್ರುತಿ ಎಲ್ಲಾ ಬಂತು. ಈ ಸಂಗೀತ ಯಾರದು ಅನ್ನೋದು ಮಾತ್ರ ಎಲ್ಲೂ ಬರಲಿಲ್ಲ. ಕಪ್ಪು ಜನ ಹುಟ್ಟುಹಾಕಿದ ಸಂಗೀತ ಇದು. ಅದನ್ನ ಬಿಟ್ಟು ಬರೀ ಸ್ವರ ಎಣಿಸಿದರೆ ಅರ್ಧ ಕೇಳಿದ ಹಾಗೆ.

ನನ್ನ ಒಂದು ರೆಕಾರ್ಡಿಂಗ್ ಕೋಲ್ಟ್ರೇನರ 'ಅಲಬಾಮಾ'. 1963ರ ಸೆಪ್ಟೆಂಬರ್ 15, ಭಾನುವಾರ, ಅಲಬಾಮಾದ ಬರ್ಮಿಂಗ್‌ಹ್ಯಾಮಿನಲ್ಲಿ 16ನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿಗೆ ಬಿಳಿಯ ಜನಾಂಗದ್ವೇಷಿಗಳು ಬಾಂಬ್ ಇಟ್ಟರು, ನಾಲ್ಕು ಹೆಣ್ಣುಮಕ್ಕಳು ಸತ್ತರು. ಎರಡು ತಿಂಗಳಾದ ಮೇಲೆ, ನವೆಂಬರ್ 18ಕ್ಕೆ, ಈ ಐದು ನಿಮಿಷದ ರಚನೆ ರೆಕಾರ್ಡ್ ಆಯಿತು. 'ಲೈವ್ ಅಟ್ ಬರ್ಡ್‌ಲ್ಯಾಂಡ್' ಆಲ್ಬಮ್ಮಿನಲ್ಲಿದೆ, ಆದರೆ ಇದು ಸ್ಟುಡಿಯೋದಲ್ಲಿ ಮಾಡಿದ್ದು. ಪಿಯಾನೋ ಕೆಳಗೆ ಗುಡುಗುಡು ಅಂತಿರುತ್ತೆ, ಮೇಲೆ ಸ್ಯಾಕ್ಸು ತಾಳಕ್ಕೆ ಕಟ್ಟುಬೀಳದೆ ಮಾತಾಡುತ್ತೆ. ಸಿಟ್ಟಿನ ಕೂಗಾಟ ಇಲ್ಲ. ಕೂಗಿದ್ದರೆ ಸಹಿಸಬಹುದಿತ್ತು ಅನಿಸುತ್ತೆ.

ಮಿಂಗಸ್ ಹೆಸರು ಬಂದಿದ್ದಕ್ಕೆ ಇನ್ನೊಂದು. 'ಮಿಂಗಸ್ ಆ ಅಮ್'ನಲ್ಲಿ 'ಫೇಬಲ್ಸ್ ಆಫ್ ಫಾಬಸ್' ಇದೆ. ಆರ್ಕನ್ಸಾ ಗವರ್ನರ್ ಫಾಬಸ್ 1957ರಲ್ಲಿ ಲಿಟಲ್ ರಾಕ್‌ನ ಶಾಲೆಗೆ ಕಪ್ಪು ಮಕ್ಕಳು ಹೋಗದ ಹಾಗೆ ಸೈನಿಕರನ್ನ ನಿಲ್ಲಿಸಿದ್ದ. ಅವನನ್ನ ಗೇಲಿ ಮಾಡುವ ಹಾಡಿನ ಮಾತುಗಳಿಗೆ ಕೊಲಂಬಿಯಾ ಒಪ್ಪಲಿಲ್ಲ, ಬರೀ ವಾದ್ಯದಲ್ಲಿ ಬಂತು. ಮರುವರ್ಷ ಕ್ಯಾಂಡಿಡ್ ಅನ್ನೋ ಸಣ್ಣ ಕಂಪನಿಗೆ ಮಿಂಗಸ್ ಮಾತು ಸಮೇತ ಹಾಡಿಸಿಯೇ ಬಿಟ್ಟರು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ.

ಪ್ಲೇಟುರಾಯ
ನೀಲಿಸ್ವರ ಮೇಡಂ ಹೇಳಿದ್ದು ಸರಿ. ಆದರೆ ಜಾಝ್ ಅಂದರೆ ನೋವು ಮಾತ್ರ ಅಂತಲೂ ಆಗಬಾರದು. ನಗೋದಕ್ಕೂ ಒಂದು ಇಟ್ಟುಕೊಳ್ಳಿ: ಎಲ್ಲಾ ಫಿಟ್ಜ್‌ಜೆರಲ್ಡ್, ಬರ್ಲಿನ್, 1960ರ ಫೆಬ್ರವರಿ. 'ಮ್ಯಾಕ್ ದ ನೈಫ್' ಹಾಡ್ತಾ ಹಾಡ್ತಾ ಸಾಹಿತ್ಯ ಮರೆತುಹೋಗುತ್ತೆ. ನಿಲ್ಲಿಸಲ್ಲ. ಮರೆತಿದ್ದನ್ನೇ ಹಾಡಿಗೆ ಸೇರಿಸಿ, ಅಲ್ಲೇ ಪ್ರಾಸ ಕಟ್ಟಿ, ನಡುವೆ ಆರ್ಮ್‌ಸ್ಟ್ರಾಂಗ್ ಗಂಟಲು ಅಣಕಿಸಿ ಮುಗಿಸ್ತಾರೆ. ಆ ರೆಕಾರ್ಡಿಗೆ ಗ್ರ್ಯಾಮಿ ಬಂತು. ನಮ್ಮಲ್ಲಿ ಚರಣ ಮರೆತರೆ ಹಿಂದೆ ಕೂತ ಶಿಷ್ಯನ ಮುಖ ನೋಡ್ತಾರೆ.

ಕರಾವಳಿ_ಕಿವಿ
ಪ್ಲೇಟುರಾಯರು ಎರಡನೇ ರೆಕಾರ್ಡಿಂಗ್ ಹೇಳಿದರು. ದಂಡ ಹಾಕಿ.

ಮೂಲೆಮನೆ
ದಂಡ ಎಲ್ಲರಿಗೂ ಹಾಕಬೇಕಾಗುತ್ತೆ, ಬಿಡಿ. ಸಂಕೀರ್ಣನಡೆ ಮೇಡಂ ಹೇಳಿದ ಹಾಗೆ 'ಸೋ ವಾಟ್'ಗೆ ತಾಳ ಹಾಕಿ ಕೇಳಿದೆ. ಮೇಲಿನ ಮನೆ ಸಿಕ್ಕಿತು! ಕೋಲ್ಟ್ರೇನ್ ಸರದಿಯಲ್ಲಿ ಲೆಕ್ಕ ತಪ್ಪಿಹೋಯಿತು, ಆದರೆ ಬೇಸ್ ಹಿಡಿದುಕೊಂಡು ವಾಪಸ್ ಬಂದೆ. ಇಬ್ಬರಿಗೂ ಥ್ಯಾಂಕ್ಸ್. 'ಅಲಬಾಮಾ' ಕೇಳಿದ ಮೇಲೆ ಅವತ್ತು ಬೇರೇನೂ ಹಾಕಲಿಲ್ಲ.

ತಾಳದ್ದೇ ಇನ್ನೊಂದು ಪ್ರಶ್ನೆ. 'ಟೇಕ್ ಫೈವ್' ಖಂಡಛಾಪು ತಾನೇ?

ಸಂಕೀರ್ಣನಡೆ
ಐದು ಹೌದು, ಖಂಡಛಾಪು ಅಂತ ಕಣ್ಣುಮುಚ್ಚಿ ಹೇಳೋಕಾಗಲ್ಲ. ಖಂಡಛಾಪು ಎರಡು-ಮೂರು: ತಕ ತಕಿಟ. 'ಟೇಕ್ ಫೈವ್' ಪಿಯಾನೋ ಮೂರು-ಎರಡು: ತಕಿಟ ತಕ. ನಾವು ತಟ್ಟೋಕೆ ಹೋದರೆ ಕೈ ತಾನಾಗಿ ನಮ್ಮ ಕಡೆ ಎಳೆಯುತ್ತೆ, ಆಗ ಎಲ್ಲಾ ಎಡವಟ್ಟು. ಅಂದಹಾಗೆ ಅದು ತಂಡದ ಯಜಮಾನ, ಪಿಯಾನೋದ ಡೇವ್ ಬ್ರೂಬೆಕ್ ರಚನೆ ಅಲ್ಲ, ಸ್ಯಾಕ್ಸ್ ನುಡಿಸಿದ ಪಾಲ್ ಡೆಸ್ಮಂಡ್ ಅವರದ್ದು. ಅದರ ರಾಯಧನ ಅಮೆರಿಕನ್ ರೆಡ್ ಕ್ರಾಸ್‌ಗೆ ಹೋಗಲಿ ಅಂತ ಉಯಿಲು ಬರೆದಿಟ್ಟು ಹೋದರು.

ಅದೇ 'ಟೈಮ್ ಔಟ್' ಆಲ್ಬಮ್ಮಿನ ಮೊದಲ ಟ್ರ್ಯಾಕ್ 'ಬ್ಲೂ ರೊಂಡೋ' ಅದಕ್ಕಿಂತ ಮಜಾ. ಒಂಬತ್ತು ಅಕ್ಷರ. ಮೂರು ಸಲ ಹೀಗೆ:
ತಕ ತಕ ತಕ ತಕಿಟ
ನಾಲ್ಕನೇ ಸಲ ಹೀಗೆ:
ತಕಿಟ ತಕಿಟ ತಕಿಟ
ಬಾಯಲ್ಲಿ ಹೇಳಿಕೊಳ್ಳುತ್ತಾ ಕೇಳಿ, ನಡುವೆ ಅವರು ನಾಲ್ಕಕ್ಕೆ ಜಾರಿದಾಗ ಬೀಳಬೇಡಿ.

ಸುಮ್ನೆಬಂದೆ
ಮೀಟಿಂಗಲ್ಲಿ ಮೈಕ್ ಮ್ಯೂಟ್ ಇದೆ ಅಂದುಕೊಂಡು ಹೇಳ್ತಿದ್ದೆ. ಇರಲಿಲ್ಲ. ಮ್ಯಾನೇಜರ್ ಈಗ ಯಾವ ತಾಳ ಅಂತ ಕೇಳ್ತಿದ್ದಾರೆ, ಸಂಕೀರ್ಣ ಅಂತಲೇ ಹೇಳಲಾ?

ಸಂಕೀರ್ಣನಡೆ
ಹೇಳಿ. ನಾಲ್ಕನೇ ಸಲದ ತಕಿಟ ಬಿಟ್ಟುಬಿಡಬೇಡಿ ಅಂತಲೂ ಹೇಳಿ.